ಕೆಂಪು ಬಳೆಯ ಕಡೆಯ ಕಿಟಕಿ

ದೇವರು ಮನುಷ್ಯರಿಗೆ ಎರಡು ಕಣ್ಣು ಕೊಟ್ಟಿದ್ದಾನೆ, ಅದು ದೊಡ್ಡ ದಯೆ. ಆದರೆ ಎರಡನ್ನೂ ಮುಖದ ಮುಂದೆಯೇ ಇಟ್ಟುಬಿಟ್ಟಿದ್ದಾನೆ. ನಮ್ಮ ಎಮ್ಮೆಗೆ ಹಾಗಿಲ್ಲ. ಅದಕ್ಕೆ ಒಂದು ಕಣ್ಣು ಆ ಪಕ್ಕ, ಒಂದು ಕಣ್ಣು ಈ ಪಕ್ಕ. ಹಿಂಡಲು ಕೂತ ನನ್ನನ್ನೂ ನೋಡುತ್ತದೆ, ಅಂಗಳದಲ್ಲಿ ಒಣಹಾಕಿದ ಹಪ್ಪಳವನ್ನೂ ನೋಡುತ್ತದೆ. ಅದನ್ನು ರೈಲಿನಲ್ಲಿ ಕೂಡಿಸಿದರೆ ಕತ್ತು ತಿರುಗಿಸದೆ ಎರಡೂ ಕಿಟಕಿಯ ನೋಟ ನೋಡಿ ಮುಗಿಸೀತು. ನಮಗೆ ಆ ಸುಖವಿಲ್ಲ. ಒಂದು ಕಿಟಕಿ ಆರಿಸಿಕೊಂಡು ಕೂತರೆ, ಚೆಂದದ್ದೆಲ್ಲ ಇನ್ನೊಂದು ಕಿಟಕಿಯಲ್ಲೇ ಹೋಗುತ್ತಿದೆ ಎಂಬ ಗುಮಾನಿ ಊರು ಮುಟ್ಟುವ ತನಕ ಬಿಡುವುದಿಲ್ಲ. ಗೊಣಗುತ್ತಿದ್ದೇನೆ ಎಂದು ತಿಳಿಯಬೇಡಿ. ಇದ್ದದ್ದನ್ನು ಹೇಳಿದೆ, ಅಷ್ಟೆ.

ನಾನು ಮದುವೆಯಾಗಿ ಔರಾದದಿಂದ ಬೀದರಕ್ಕೆ ಬಂದದ್ದು ಚಕ್ಕಡಿಯಲ್ಲಿ. ಚಕ್ಕಡಿಯಲ್ಲಿ ಕಡೆ ಆರಿಸುವ ಪ್ರಶ್ನೆಯೇ ಇಲ್ಲ. ಹಿಂದೆ ಕಾಲು ಇಳಿಬಿಟ್ಟು ಕೂತರೆ ಎರಡೂ ಮಗ್ಗುಲು ಕಾಣುತ್ತವೆ. ಕಾಣುವುದೆಲ್ಲ ಆಗಲೇ ದಾಟಿಹೋದದ್ದು ಎನ್ನುವುದೊಂದೇ ಕೊರತೆ. ಹೊಸ ಮದುಮಗಳಿಗೆ ಅದೂ ಒಳ್ಳೆಯದೇ. ಅಳುವುದಕ್ಕೆ ತವರೂರು ಬಹಳ ಹೊತ್ತು ಕಣ್ಣಿಗೆ ಸಿಗುತ್ತದೆ. ಆಮೇಲೆ ಔರಾದಕ್ಕೆ ಮೋಟಾರು ಬಂತು. ಅದರಲ್ಲಿ ಒಮ್ಮೆ ಬಹಳ ಯೋಚಿಸಿ, ಕೆರೆ ಕಾಣುವ ಕಡೆ ಎಂದು ಒಂದು ಮೂಲೆ ಹಿಡಿದೆ. ಡ್ರೈವರು ನನ್ನ ಮತ್ತು ಕೆರೆಯ ನಡುವೆ ಮೆಣಸಿನಕಾಯಿಯ ಚೀಲ ತಂದು ನಿಲ್ಲಿಸಿದ. ದಾರಿಯುದ್ದಕ್ಕೂ ಸೀನಿದೆ. ಕೆರೆ ಬಂದಾಗ ಕಣ್ಣಲ್ಲಿ ಎಷ್ಟು ನೀರಿತ್ತೆಂದರೆ ಬೇರೆ ಕೆರೆ ಬೇಕಾಗಿರಲಿಲ್ಲ.

ಬೀದರದಿಂದ ಭಾಲ್ಕಿಯ ಕಡೆಗೆ ರೈಲು ಶುರುವಾದ ಮೇಲೆ ಈ ಕಡೆ ಆರಿಸುವ ಕೆಲಸ ನಮ್ಮ ಓಣಿಯಲ್ಲಿ ಒಂದು ವಿದ್ಯೆಯೇ ಆಯಿತು. ನಮ್ಮ ಮನೆಯವರಿಗೆ ಊರ ನಡುವಿನ ಚೌಬಾರದ ಗೋಪುರದ ಹತ್ತಿರ ಬೇಳೆಕಾಳಿನ ಅಂಗಡಿ. ಅಂಗಡಿಗೆ ಬಂದವರೆಲ್ಲ ತೊಗರಿಯ ಮಾತು ಬಿಟ್ಟು ಕಿಟಕಿಯ ಮಾತೇ ಆಡುತ್ತಿದ್ದರು. ಕೆಂಪು ಮಣ್ಣು ಮುಗಿದು ಕರಿ ಮಣ್ಣು ಹತ್ತುವ ಜಾಗ ಈ ಕಡೆ ಚೆಂದ ಎನ್ನುವವರು ಕೆಲವರು, ಆ ಕಡೆ ಎನ್ನುವವರು ಕೆಲವರು. ನಮ್ಮವರದು ಮಾತ್ರ ಒಂದೇ ಸಿದ್ಧಾಂತ. “ನೆರಳ ಯಾವ ಕಡಿ ಅದ ಆ ಕಡಿ ಕೂಡಬೇಕು. ಹೊರಗ ಏನದ ನೋಡ್ಲಾಕ? ಅದೇ ಕಲ್ಲು, ಅದೇ ಜಾಲಿ,” ಎನ್ನುವರು. ಹೀಗೆ ಅನ್ನುವವರೇ ಗಾಡಿ ಹೊರಟ ಕ್ಷಣದಿಂದ ತಲೆ ಹೊರಗೆ ಹಾಕಿ ಕೂರುತ್ತಾರೆಂದು ಅವರ ಜೊತೆ ಕೂತು ಬಂದವರು ಹೇಳುತ್ತಾರೆ. ನಾನು ಕಂಡಿಲ್ಲ. ನಾವು ಹೆಂಗಸರು ಜನಾನಾ ಡಬ್ಬಿಯವರು.

ಇಷ್ಟಕ್ಕೂ ನನಗೆ ಕಿಟಕಿಯ ಚಿಂತೆ ಹತ್ತಿದ್ದು ಮಣ್ಣಿನ ಬಣ್ಣ ನೋಡುವುದಕ್ಕಲ್ಲ, ನನ್ನ ತಂಗಿ ನೀಲಮ್ಮನ ಕೂಸನ್ನು ನೋಡುವುದಕ್ಕೆ.

ನೀಲಮ್ಮನನ್ನು ಭಾಲ್ಕಿಗಿಂತ ಮುಂಚೆ ಬರುವ ಒಂದು ಹಳ್ಳಿಗೆ ಕೊಟ್ಟಿದೆ. ಅವಳ ಗಂಡ ಶರಣಪ್ಪ ಒಳ್ಳೆಯ ಒಕ್ಕಲುತನದವನು, ದಿನಾ ಲಿಂಗಪೂಜೆ ಆಗದೆ ನೀರು ಮುಟ್ಟುವವನಲ್ಲ. ನಮ್ಮವರೂ ಹಾಗೆಯೇ. ಇಬ್ಬರು ಇಷ್ಟು ಒಳ್ಳೆಯವರು ಜಗಳಕ್ಕೆ ಬಿದ್ದರೆ ಬಿಡಿಸುವುದು ಕಷ್ಟ, ಯಾಕೆಂದರೆ ಯಾರ ಕಡೆಯೂ ತಪ್ಪು ಸಿಗುವುದಿಲ್ಲ. ಆದದ್ದು ಇಷ್ಟೆ. ಔರಾದದಲ್ಲಿ ನಮ್ಮ ಚಿಗವ್ವನ ಮಗಳ ಮದುವೆ. ಊಟದ ಪಂಕ್ತಿಯಲ್ಲಿ ತುಪ್ಪ ಬಡಿಸುವ ಕೆಲಸ ನಮ್ಮವರಿಗೆ ಬಂದಿತ್ತು. ಅವರ ಕೈ ದೊಡ್ಡದು, ಅಂಗಡಿಯಲ್ಲಲ್ಲ, ಪರರ ಮನೆಯಲ್ಲಿ. ಮೊದಲು ಕೂತವರ ಹೋಳಿಗೆಯೆಲ್ಲ ತುಪ್ಪದಲ್ಲಿ ತೇಲಿದವು. ಗಿಂಡಿ ಶರಣಪ್ಪನ ಎಲೆಯ ಮುಂದೆ ಬರುವ ಹೊತ್ತಿಗೆ ಸರಿಯಾಗಿ ಬರಿದಾಯಿತು. ಒಳಗೆ ಹೋಗಿ ತುಂಬಿಸಿಕೊಂಡು ಬಂದಿದ್ದರೆ ಮುಗಿಯುತ್ತಿತ್ತು. ಷಡ್ಡಕನೆಂಬ ಸಲುಗೆಯಿಂದ ನಮ್ಮವರು ಗಿಂಡಿ ಬೋರಲು ಹಾಕಿ ತೋರಿಸಿ, “ನಿಮ್ಮ ಮನಿಯಾಗ ಅಷ್ಟ ಎಮ್ಮಿ ಅವಲ್ಲೋ ಶರಣಪ್ಪಾ, ಬರೂವಾಗ ಒಂದೀಟ ತುಪ್ಪ ತರಬಾರದಿತ್ತೇನು?” ಎಂದರು. ಪಂಕ್ತಿಯೇ ನಕ್ಕಿತು. ಶರಣಪ್ಪ ಮುಂದಿನ ತುತ್ತು ಎತ್ತದೆ ಎಲೆ ಬಿಟ್ಟು ಎದ್ದ.

ಎಲೆ ಬಿಟ್ಟು ಎದ್ದವನನ್ನು ಮತ್ತೆ ಕೂಡಿಸುವುದು ನಮ್ಮಲ್ಲಿ ಆಗದ ಮಾತು. “ಆ ತುಪ್ಪ ನನ್ನ ಎಲಿಗಿ ಬೀಳೂತನಾ ಅವರ ಹೊಸ್ತಿಲ ತುಳಿಯಂಗಿಲ್ಲ,” ಎಂದು ಅವನು ಹೇಳಿ ಹೋದನಂತೆ. ಇದು ಕಿವಿಗೆ ಬಿದ್ದ ಮೇಲೆ ನಮ್ಮವರು, “ಅವ ತಾನಾಗಿ ಒಂದ ಹೆಜ್ಜಿ ಮುಂದ ಬರಲಿ, ಆಮ್ಯಾಲ ನೋಡೋಣ,” ಎಂದರು. ಅಲ್ಲಿಗೆ ಎರಡೂ ಬಾಗಿಲು ಮುಚ್ಚಿದವು. ಮದುವೆಯ ಹೆಣ್ಣು ಗಂಡ ಸುಖವಾಗಿ ಸಂಸಾರ ಹೂಡಿದರು. ಅವರ ಹೋಳಿಗೆಯ ಜಗಳ ಮಾತ್ರ ನಮ್ಮ ಮನೆಗೆ ಬಂದು ಕೂತಿತು.

ಹೀಗಿರುವಾಗ ನೀಲಮ್ಮ ಹೆತ್ತಳು. ಅವ್ವ ಶಿವಪಾದ ಸೇರಿದ ಮೇಲೆ ನಮಗೆ ತವರೆಂಬುದು ಹೆಸರಿಗಷ್ಟೆ. ಹೆರಿಗೆಯೂ ಗಂಡನ ಮನೆಯಲ್ಲೇ ಆಯಿತು. ಅವ್ವನ ಜಾಗದಲ್ಲಿ ನಿಂತು ಬಾಣಂತನ ಮಾಡಬೇಕಾದವಳು ನಾನು. ನಾನು ಬೀದರದಲ್ಲಿ ಬೇಳೆ ಆರಿಸುತ್ತ ಕೂತಿದ್ದೆ. ಹೆಣ್ಣು ಕೂಸು, ಗುಂಡಗೆ ಇದೆ, ಎಂದು ಬಳೆಗಾರ್ತಿ ಕಾಶಮ್ಮ ಸುದ್ದಿ ತಂದಳು. ಈ ಕಾಶಮ್ಮ ಬಳೆಯ ಮಲಾರ ಹೆಗಲಿಗೆ ಹಾಕಿಕೊಂಡು ಕಮಠಾಣದಿಂದ ಭಾಲ್ಕಿಯ ಹಳ್ಳಿಗಳ ತನಕ ತಿರುಗುವವಳು. ಅವಳು ನಮ್ಮ ಕೈ ಹಿಡಿದು ಬಳೆ ಏರಿಸುತ್ತಿರುವ ತನಕ ಯಾವ ಗಂಡಸೂ ಹತ್ತಿರ ಸುಳಿಯುವುದಿಲ್ಲವಾದ್ದರಿಂದ ನಮ್ಮ ಟಪಾಲೆಲ್ಲ ಅವಳ ಬಾಯಲ್ಲೇ.

ನಮ್ಮ ನಾದಿನಿ, ಎಂದರೆ ನಮ್ಮವರ ತಂಗಿ, ಭಾಲ್ಕಿಯಲ್ಲಿದ್ದಾಳೆ. ಅವಳ ಬಸುರಿ ಸೊಸೆಯ ಕುಬಸಕ್ಕೆ ನಾವು ಹೋಗಬೇಕಾಗಿ ಬಂತು. ರೈಲು ನೀಲಮ್ಮನ ಹೊಲದ ನಡುವೆಯೇ ಹಾಯುತ್ತದೆ. ದಾರಿ ಹಾಕುವಾಗ ಅವರ ಹೊಲ ಎರಡು ಹೋಳಾಯಿತು, ಅತ್ತ ಒಂದು ತುಂಡು, ಇತ್ತ ಒಂದು ತುಂಡು. ನಾನು ಕಾಶಮ್ಮನಿಗೆ ಹೇಳಿದೆ:

“ಕಾಶಮ್ಮಾ, ಕುಬಸದ ದಿನ ಮುಂಜಾನಿ ಗಾಡಿಗೆ ಹೋಗ್ತೇನಿ. ಕೂಸಿನ ಎತ್ತಿಕೊಂಡು ಹೊಲದಾಗ ನಿಂದ್ರು ಅಂತ ನೀಲಮ್ಮಗ ಹೇಳು. ಕಣ್ಣತುಂಬ ಅಲ್ಲದಿದ್ರೂ ಒಂದ ಕಣ್ಣು ನೋಡ್ತೇನಿ.”

“ನಿಂದ್ರತಾಳ ಬಿಡ್ರಿ. ಯಾವ ಕಡಿ ನಿಂದ್ರಬೇಕು? ಹಳಿ ದಾಟಿ ಓಡ್ಯಾಡಲಾಕ ಬಾಣಂತಿಗಿ ಆಗ್ತದೇನು?”

“ಅಕಿನ್ನೇ ಕೇಳಿಕೊಂಡು ಬಾ.”

ಮುಂದಿನ ಸಲ ಬಂದಾಗ ಕಾಶಮ್ಮ ಮಾತಿಗೆ ಮೊದಲು ನನ್ನ ಎಡಗೈ ಎಳೆದುಕೊಂಡು, ಹಸಿರು ಬಳೆಗಳ ನಡುವೆ ಒಂದು ಕೆಂಪು ಬಳೆ ಏರಿಸಿದಳು. “ನೋಡ್ರಿ ಅಕ್ಕಾರ, ಇದು ಲಿಂಗದ ಕೈ. ಭಾಲ್ಕಿಗಿ ಹೋಗೂವಾಗ ಈ ಕೈ ಯಾವ ಕಡಿ ಅದ, ನಿಮ್ಮ ತಂಗಿ ಆ ಕಡಿ ಬೇವಿನ ಗಿಡದ ಕೆಳಗ ನಿಂದ್ರತಾಳ. ಸಣ್ಣ ಸ್ಟೇಶನ್ ದಾಟಿದ ಮ್ಯಾಲ ಹಳ್ಳದ ಮ್ಯಾಲ ಒಂದು ಪೂಲು ಬರ್ತದ, ಗಾಡಿ ದಡದಡ ಅಂತದ. ಆ ಸಪ್ಪಳ ನಿಂತಿತು ಅಂದ್ರ ಅವರ ಹೊಲ ಬಂತು ಅಂತ ತಿಳೀರಿ. ಮರೀಬಾರದು ಅಂತ ಈ ಕೆಂಪು ಬಳಿ.”

ನನಗೆ ಎಷ್ಟು ಸಮಾಧಾನವಾಯಿತೆಂದರೆ ಹೇಳತೀರದು. ಎಡ ಬಲ ಎನ್ನುವುದರಲ್ಲಿ ನಾನು ಚಿಕ್ಕವಳಿದ್ದಾಗಿನಿಂದಲೂ ಮಂದ. ನಮ್ಮವ್ವ, “ಲಿಂಗ ಇಟ್ಟುಕೊಳ್ಳೂ ಕೈ ಎಡಾ, ಉಣ್ಣೂ ಕೈ ಬಲಾ,” ಎಂದು ಕಲಿಸಿದ್ದಳು. ದಿನಾ ಬೆಳಗ್ಗೆ ಪೂಜೆಗೆ ಅಂಗೈಯಲ್ಲಿ ಲಿಂಗ ಇಟ್ಟುಕೊಳ್ಳುವ ಕೈ ತಪ್ಪು ದಾರಿ ತೋರಿಸುತ್ತದೆಯೆ? ಅದರ ಮೇಲೆ ಕೆಂಪು ಬಳೆಯೂ ಇದೆ. ಇನ್ನು ಬೇರೆ ವಿದ್ಯೆ ಯಾಕೆ ಬೇಕು?

ಬರಿಗೈಯಲ್ಲಿ ನೋಡಿ ಬರುವುದು ಹೇಗೆ? ಬಾಣಂತಿಗೆ ಅಂಟಿನ ಉಂಡೆ ಕಟ್ಟಿದೆ. ನಮ್ಮ ಎಮ್ಮೆಯ ತುಪ್ಪ, ಕೊಬ್ಬರಿ, ಉತ್ತತ್ತಿ. ತುಪ್ಪಕ್ಕೆ ಕೈ ಹಿಡಿಯಲಿಲ್ಲ, ಉಂಡೆ ಮುಟ್ಟಿದರೆ ಬೆರಳು ಜಾರುತ್ತಿತ್ತು. ಕೂಸಿಗೆ ಒಂದು ಕುಂಚಿಗೆ ಹೊಲಿದೆ. ಎರಡನ್ನೂ ಒಂದು ಬಟ್ಟೆಯಲ್ಲಿ ಗಟ್ಟಿ ಗಂಟು ಕಟ್ಟಿ, ಹೊಲ ಬಂದಾಗ ಕಿಟಕಿಯಿಂದ ಎಸೆಯುವುದೆಂದು ನಿಶ್ಚಯಿಸಿದೆ. ನಮ್ಮವರು ನೋಡಿ, “ಇದೇನು ಎರಡ ಗಂಟು?” ಎಂದರು. “ಒಂದು ಕುಬಸದ್ದರಿ, ಒಂದು ಉಂಡಿ,” ಎಂದೆ. ಬಸುರಿಯ ಕುಬಸಕ್ಕೆ ಬಾಣಂತಿಯ ಉಂಡೆ ಒಯ್ಯುವ ಹೆಂಗಸು ಈ ಸೀಮೆಯಲ್ಲಿಲ್ಲ. ಗಂಡಸರಿಗೆ ಇಂಥವು ತಿಳಿಯುವುದಿಲ್ಲ ಎನ್ನುವುದೂ ದೇವರ ಒಂದು ಸಣ್ಣ ದಯೆಯೇ. ಆದರೆ ಬಳೆ ಅವರ ಕಣ್ಣಿಗೆ ಬಿತ್ತು.

“ಒಂದ ಕೈಯಾಗ ಕೆಂಪು ಬಳಿ ಯಾಕ?”

“ಕಾಶಮ್ಮನ ಹಂತೇಕ ಒಂದೇ ಉಳದಿತ್ತಂತರಿ.”

“ಉಳದದ್ದು ಹಾಕಲಾಕ ನೀನೇ ಸಿಕ್ಕಿದೇನು?” ಎಂದು ನಕ್ಕು ಪೇಟ ಸುತ್ತಿಕೊಂಡರು.

ಸ್ಟೇಶನ್ನಿನಲ್ಲಿ ಅವರು ನನ್ನನ್ನು ಜನಾನಾ ಡಬ್ಬಿಗೆ ಹತ್ತಿಸಿ, ತಾವು ಪಕ್ಕದ ಡಬ್ಬಿಯಲ್ಲಿ ನೆರಳು ಹುಡುಕಲು ಹೋದರು. ಒಳಗೆ ಎದುರುಬದುರು ಎರಡು ಹಲಗೆ. ಒಬ್ಬ ವಯಸ್ಸಾದ ಬೀಬಿ ಆಗಲೇ ಒಂದು ಹಲಗೆಯ ತುದಿಯಲ್ಲಿ ಕೂತು, ತನ್ನ ಕಿಟಕಿಗೆ ಮರದ ಪಟ್ಟಿಯ ಝಡಪಿ ಎಳೆದು, ಪಟ್ಟಿಗಳ ಸಂದಿನಿಂದ ಬರುವ ಬೆಳಕಿನಲ್ಲಿ ಎಲೆಗೆ ಸುಣ್ಣ ಹಚ್ಚುತ್ತಿದ್ದಳು. ನಾನು ಊರಿನ ದಿಕ್ಕು, ಭಾಲ್ಕಿಯ ದಿಕ್ಕು ಎಲ್ಲ ಲೆಕ್ಕ ಹಾಕಿ, ಭಾಲ್ಕಿಗೆ ಮುಖ ಮಾಡಿ ಎದುರಿನ ಹಲಗೆಯಲ್ಲಿ ಕೂತೆ. ಬೀಬಿಯ ಕಿಟಕಿ ಆ ಮಗ್ಗುಲಿಗೆ, ನನ್ನ ಕಿಟಕಿ ಈ ಮಗ್ಗುಲಿಗೆ, ಕೆಂಪು ಬಳೆಯ ಕೈಯ ಕಡೆ. ಕಬ್ಬಿಣದ ಗಜವಿಲ್ಲದ ಕಿಟಕಿ, ಗಂಟು ಎಸೆಯಲು ಹೇಳಿ ಮಾಡಿಸಿದ ಹಾಗಿತ್ತು. ಬಸವಣ್ಣನನ್ನು ನೆನೆದು ಗಂಟನ್ನು ತೊಡೆಯ ಮೇಲೆ ಇಟ್ಟುಕೊಂಡೆ.

ಸೀಟಿ ಊದಿತು. ಗಾಡಿ ಹೊರಟಿತು. ನನ್ನ ಬೆನ್ನಿನ ಕಡೆಗೆ ಹೊರಟಿತು.

ಭಾಲ್ಕಿ ನನ್ನ ಹಿಂದೆ ಇತ್ತು. ನಾನು ಇಷ್ಟು ಹೊತ್ತು ಮುಖ ಮಾಡಿ ಕೂತದ್ದು ಗಾಡಿ ಬಂದ ದಾರಿಗೆ. ಬೀಬಿ ನನ್ನ ಮುಖ ನೋಡಿ ನಕ್ಕಳು. “ಉಲ್ಟಾ ಕೂತೀರಲ್ಲಮ್ಮಾ. ಚಕ್ಕರ್ ಬರ್ತದ. ಈ ಕಡಿ ಬರ್ರಿ, ನನ್ನ ಬಾಜೂಕ. ಝಡಪಿ ತೆಗೀತೇನಿ, ಇನ್ನ ಗಂಡಸರ ಕಾಟ ಇಲ್ಲ.”

ಇಲ್ಲಿಯೇ ನನ್ನ ಬುದ್ಧಿ ಕೆಲಸ ಮಾಡಿತು, ಮಾಡಬಾರದಾಗಿತ್ತು. ಗಾಡಿ ಯಾವ ಕಡೆಗಾದರೂ ಹೋಗಲಿ, ನನ್ನ ಎಡಗೈ ಎಡಗೈಯೇ ಅಲ್ಲವೆ? ಬಳೆ ಅದೇ ಕೈಯಲ್ಲಿದೆ. ಕಿಟಕಿ ಅದೇ ಕೈಯ ಪಕ್ಕದಲ್ಲಿದೆ. ಗಾಡಿ ಉಲ್ಟಾ ಹೋದರೆ ಅದು ಗಾಡಿಯ ತಪ್ಪು, ಕೈಯದಲ್ಲ. ಬೀಬಿಯ ಪಕ್ಕಕ್ಕೆ ಹೋದರೆ ಕೆಂಪು ಬಳೆ ಒಂದು ಕಡೆ, ನನ್ನ ಈ ಕಿಟಕಿ ಇನ್ನೊಂದು ಕಡೆ ಆಗುತ್ತದೆ. “ಬ್ಯಾಡ್ರಿ ಅವ್ವಾ, ನನಗ ಈ ಕಡಿನೇ ಬೇಕು,” ಎಂದೆ.

“ಆ ಕಡಿ ಅಂಥಾದ್ದೇನದ?”

“ನೋಡ್ಲಾಕ ಚಂದ ಇರ್ತದಂತರಿ.”

ಬೀಬಿ ಒಮ್ಮೆ ಹೊರಗೆ ನೋಡಿದಳು. ಕಲ್ಲು, ಜಾಲಿ, ಒಂದು ಕತ್ತೆ. “ಹೌ. ಬಹಳ ಚಂದ ಅದ,” ಎಂದು ಎಲೆ ಬಾಯಿಗೆ ಹಾಕಿಕೊಂಡು, ಝಡಪಿ ತೆಗೆಯುವ ಗೋಜಿಗೆ ಹೋಗದೆ ಕಣ್ಣು ಮುಚ್ಚಿದಳು.

ಹಿಂದುಮುಂದಾಗಿ ಕೂತು ಹೋಗುವುದು ನನಗೆ ಹಳೆಯ ಚಕ್ಕಡಿಯ ಸುಖವನ್ನೇ ಕೊಟ್ಟಿತು ಎಂದು ಹೇಳಬಹುದಾಗಿತ್ತು, ತಲೆ ತಿರುಗದಿದ್ದರೆ. ನಿಂಬೆಹಣ್ಣು ಮೂಸುತ್ತ ಕೂತೆ. ಕೆಂಪು ಮಣ್ಣು ಹೋಗಿ ಕರಿ ಮಣ್ಣು ಬಂತೆಂದು ಕಾಣುತ್ತದೆ. ನಾನು ಬೇವಿನ ಗಿಡ ಎಣಿಸುವ ಗಡಿಬಿಡಿಯಲ್ಲಿ ಅದನ್ನು ನೋಡಲಿಲ್ಲ. ಬೇವಿನ ಗಿಡ ಗುರುತು ಎಂದು ನೀಲಮ್ಮ ಹೇಳಿಕಳಿಸಿದ್ದು ನನ್ನ ತಂಗಿಗೆ ತಕ್ಕ ಮಾತು. ಆ ದಾರಿಯಲ್ಲಿ ಬೇವು ಬಿಟ್ಟು ಬೇರೆ ಗಿಡವೇ ಇಲ್ಲ.

ಸಣ್ಣ ಸ್ಟೇಶನ್ ಬಂತು, ಹೋಯಿತು. ಗಂಟು ಕೈಗೆ ತೆಗೆದುಕೊಂಡೆ. ಪೂಲಿನ ಮೇಲೆ ಗಾಡಿ ದಡದಡ ಎಂದಿತು. ಸಪ್ಪಳ ನಿಂತಿತು. ತಲೆ ಹೊರಗೆ ಹಾಕಿದೆ. ದೂರದಲ್ಲಿ ತಲೆಯ ಮೇಲೆ ಬಟ್ಟೆ ಹೊದ್ದುಕೊಂಡು, ಏನನ್ನೋ ಎದೆಗೆ ಅವಚಿಕೊಂಡು ಒಂದು ಆಕೃತಿ ಹಳಿಯ ಹತ್ತಿರ ನಿಂತಿತ್ತು. ನನ್ನ ನೀಲಿ! “ನೀಲೀ, ಹಿಡೀ!” ಎಂದು ಕೂಗಿ, ಕಣ್ಣು ಗಟ್ಟಿಯಾಗಿ ಮುಚ್ಚಿ, ಬಸವಾ ಎಂದು ಗಂಟು ಬೀಸಿ ಎಸೆದೆ. ಎಸೆಯುವಾಗ ಕಣ್ಣು ಮುಚ್ಚುವುದು ನನ್ನ ಹುಟ್ಟುಗುಣ, ಒಗ್ಗರಣೆಗೆ ಸಾಸಿವೆ ಹಾಕುವಾಗಲೂ ಹೀಗೆಯೇ.

ಕಣ್ಣು ತೆಗೆದಾಗ ನೀಲಮ್ಮನಿಗೆ ಮೀಸೆ ಇತ್ತು.

ಅದು ಶರಣಪ್ಪ. ಬಾವಿಯ ಹಗ್ಗದ ಸುರುಳಿ ಎದೆಗೆ ಹಿಡಿದುಕೊಂಡು, ಬಿಸಿಲಿಗೆ ತಲೆಯ ಮೇಲೆ ಧೋತರದ ಚುಂಗು ಹೊದ್ದು ನಿಂತಿದ್ದ. ಗಂಟು ಅವನ ಎದೆಗೆ ತಾಗಿ ಕಾಲ ಬಳಿ ಬಿತ್ತು. ಅವನು ಬಾಯಿ ತೆರೆದು ನನ್ನನ್ನು ನೋಡಿದ. ನಾನು ಬಾಯಿ ತೆರೆದು ಅವನನ್ನು ನೋಡಿದೆ. ಗಾಡಿ ನಮ್ಮಿಬ್ಬರನ್ನೂ ಅಗಲಿಸಿ ಉಪಕಾರ ಮಾಡಿತು.

ಅಷ್ಟರಲ್ಲಿ ಬೀಬಿ ತನ್ನ ಝಡಪಿಯ ಸಂದಿಗೆ ಕಣ್ಣು ಹಚ್ಚಿ ಎದ್ದು ನಿಂತಿದ್ದಳು. “ಅರೆ ಅಮ್ಮಾ! ಈ ಕಡಿ ನೋಡು ಬಾ! ಒಬ್ಬಾಕಿ ಕೂಸಿನ ಮ್ಯಾಲ ಎತ್ತಿ ಹಿಡದಾಳ, ಎಲ್ಲಾ ಡಬ್ಬಿಗೂ ತೋರಸ್ಲತ್ತಾಳ! ದಿವಾನೀ ಹೈ ಕ್ಯಾ?”

ನಾನು ಅವಳ ಪಾನದಾನಿ ಒದ್ದುಕೊಂಡೇ ಹಾರಿದೆ. ಝಡಪಿ ಬಿಗಿದಿತ್ತು. ಇಬ್ಬರೂ ಕೂಡಿ ಎತ್ತುವ ಹೊತ್ತಿಗೆ ಹೊಲ ಹೋಗಿ, ಬೇವು ಹೋಗಿ, ಯಾರದೋ ಜೋಳ ಬಂದಿತ್ತು. ನಾನು ಅಲ್ಲೇ ಹಲಗೆಯ ಮೇಲೆ ಕೂತು ಎಲ್ಲ ಹೇಳಿದೆ. ಬೀಬಿ ಚೆಲ್ಲಿದ ಅಡಿಕೆ ಆರಿಸುತ್ತ ಕೇಳಿದಳು. ಆಮೇಲೆ ನನ್ನ ಪಕ್ಕ ಬಂದು, ಕೈ ಹಿಡಿದುಕೊಂಡು, ತಾನು ಕಂಡದ್ದನ್ನೆಲ್ಲ ಹೇಳಿದಳು. “ಬಣ್ಣ ಗೋಧಿ ಬಣ್ಣ ಅದ. ಗಲ್ಲದಾಗ ಕಾಡಿಗಿ ಬೊಟ್ಟು. ತಲಿತುಂಬ ಕೂದಲು, ಕರೀ. ಒಂದ ಮುಟಗಿ ಬಾಯಾಗ ಇಟಗೊಂಡಿತ್ತು. ಕಾಲಾಗ ಕರಿ ದಾರ ಅದ, ಕಡಗ ಇಲ್ಲ. ಒಂದು ಕಡಗ ಮಾಡಸ್ರಿ.” ಝಡಪಿಯ ಸಂದಿನಿಂದ, ಓಡುವ ಗಾಡಿಯಿಂದ, ಅಷ್ಟನ್ನು ಕಂಡ ಆ ಕಣ್ಣಿಗೆ ನಾನು ಮನಸ್ಸಿನಲ್ಲೇ ಕೈ ಮುಗಿದೆ. ನನ್ನ ಎರಡು ಕಣ್ಣಿಗೆ ಸಿಕ್ಕದ್ದು ಒಂದು ಮೀಸೆ.

ಭಾಲ್ಕಿಯಲ್ಲಿ ಇಳಿದಾಗ ನಮ್ಮವರ ಮುಖ ಏನೋ ನುಂಗಿದವರ ಹಾಗಿತ್ತು. ನನ್ನ ಕೈ ನೋಡಿದರು.

“ಇನ್ನೊಂದು ಗಂಟೆಲ್ಲಿ?”

“ಕಿಟಕ್ಯಾಗಿಂದ ಬಿತ್ತರಿ.”

“ಹಾಂ,” ಎಂದರು. ಬೇರೆ ದಿನವಾದರೆ ಈ ಮಾತಿಗೆ ಕುಬಸ ಮುಗಿಯುವ ತನಕ ಬೈಗುಳ ಸಾಲುತ್ತಿತ್ತು. ಅವತ್ತು ಸುಮ್ಮನೆ ಮುಂದೆ ನಡೆದರು. ನಾನು ದಯೆಯ ಲೆಕ್ಕಕ್ಕೆ ಅದನ್ನೂ ಸೇರಿಸಿಕೊಂಡೆ. ಕುಬಸದಲ್ಲಿ ಹೆಂಗಸರು ಹಾಡುತ್ತಿದ್ದರೆ ನನಗೆ ಶರಣಪ್ಪನ ತೆರೆದ ಬಾಯಿಯೇ ಕಣ್ಣ ಮುಂದೆ. ಈಗ ಅವನು ಗಂಟು ಒಯ್ದು ನೀಲಮ್ಮನ ಮುಂದೆ ಒಗೆದು, ಕದ್ದು ಮಾತು ಕಳಿಸುತ್ತೀರಾ ಎಂದು ಕೂಗಾಡುತ್ತಿರಬಹುದು. ಒಂದು ಸಲ ನೋಡುವ ಆಸೆಗೆ ಇನ್ನೆಂದೂ ನೋಡದ ಹಾಗೆ ಮಾಡಿಕೊಂಡೆನೆ ಎಂದುಕೊಳ್ಳುತ್ತ ಹೋಳಿಗೆ ಮುರಿದು ಮುರಿದು ಎಲೆಯಲ್ಲೇ ಬಿಟ್ಟೆ.

ಇಳಿಹೊತ್ತಿನಲ್ಲಿ ನಮ್ಮವರು ನಾದಿನಿಯ ಮನೆಯ ಕಟ್ಟೆಯ ಮೇಲೆ ನನ್ನನ್ನು ಕರೆದರು. ಬಹಳ ಹೊತ್ತು ಮೀಸೆ ತಿರುವಿದರು.

“ಗಾಡ್ಯಾಗ ಬರೂವಾಗ ನಿನ್ನ ತಂಗಿ ಕಂಡಳು.”

“ಹೌದೇನ್ರಿ?” ಎಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು.

“ನನ್ನ ಡಬ್ಬಿ ಮುಂದ ಕೂಸಿನ ಎತ್ತಿ ತೋರಸಿದಳು. ಖರೇನೇ, ನನಗೇ ತೋರಸಿದಳು. ಶರಣಪ್ಪ ಹೇಳದ ಅಕಿ ಹಾಂಗ ಮಾಡಾಕಿ ಅಲ್ಲ. ಅವನೇ ಕಳಿಸ್ಯಾನ.” ಮತ್ತೆ ಮೀಸೆ. “ಒಂದ ಹೆಜ್ಜಿ ಅವ ಮುಂದ ಬಂದಾನ ಅಂದ ಮ್ಯಾಲ ನಾವೂ ಮನುಷ್ಯರಂಗ ನಡೀಬೇಕಾಗ್ತದ. ನಾಳಿ ಹೋಗೂವಾಗ ಅಲ್ಲಿ ಇಳಿಯೋಣೇನು? ಹೆಂಗೂ ಅವರ ತೊಗರಿ ನೋಡಬೇಕು.”

“ಕೂಸು ಹ್ಯಾಂಗ ಅದರಿ?” ಎಂದೆ, ತಡೆಯಲಾರದೆ.

“ಹ್ಯಾಂಗಂದ್ರ? ಕೂಸಿನಂಗ ಅದ.”

ಮರುದಿನ ಆ ಸಣ್ಣ ಸ್ಟೇಶನ್ನಿನಲ್ಲಿ ಇಳಿದು ಅವರ ಮನೆಯ ತನಕ ನಡೆಯುವಾಗ ನಾನು ನಾಲ್ಕು ಹೆಜ್ಜೆ ಹಿಂದೆಯೇ ಉಳಿದೆ. ನಮ್ಮವರು ನಗುತ್ತ ಹೊರಟಿದ್ದಾರೆ, ಅಲ್ಲಿ ಶರಣಪ್ಪ ಗಂಟು ಹಿಡಿದುಕೊಂಡು ನಿಂತಿದ್ದರೆ ಏನು ಗತಿ? ನಡುದಾರಿಯಲ್ಲಿ, “ಇವತ್ತು ಬ್ಯಾಡ್ರಿ, ಗಾಡಿ ತಪ್ಪತದ,” ಎಂದು ನೋಡಿದೆ. “ಗಾಡಿ ಹೋಗೇ ಬಿಟ್ಟದ,” ಎಂದರು. ಅದು ನಿಜವಾಗಿತ್ತು.

ಶರಣಪ್ಪ ಅಂಗಳದಲ್ಲೇ ಇದ್ದ. ನಮ್ಮನ್ನು ಕಂಡವನೇ ಹೆಗಲ ಮೇಲಿನ ಟವೆಲ್ ತೆಗೆದು ಕೈಗೆ ಹಿಡಿದುಕೊಂಡು ಮುಂದೆ ಬಂದ.

“ಬರ್ರಿ ಅಣ್ಣಾರ. ತುಪ್ಪ ಮುಟ್ಟಿತ್ರಿ,” ಎಂದ.

ನಮ್ಮವರು ನನ್ನ ಕಡೆ ತಿರುಗಿ, “ಯಾವ ತು…” ಎನ್ನುವಷ್ಟರಲ್ಲಿ ನನಗೆ ಕೆಮ್ಮು ಬಂತು. ಅಂಥ ಕೆಮ್ಮು ಮೆಣಸಿನಕಾಯಿಯ ಚೀಲದ ಪಕ್ಕದಲ್ಲೂ ಬಂದಿರಲಿಲ್ಲ. ಶರಣಪ್ಪ ನೀರು ತರಿಸಿ ಮಾತು ಮುಂದುವರಿಸಿದ. “ಗಂಟು ಬಿಚ್ಚಿ ನೋಡದೆ. ಉಂಡ್ಯಾಗಿಂದ ತುಪ್ಪ ಸೋರಲತ್ತಿತ್ತು. ಅಕ್ಕಾರ ಕೈಯಾಗೇ ಕೊಟ್ಟ ಕಳಸೀರಿ, ನಾನು ಹೊಲದಾಗ ಇದ್ದಲ್ಲಿಗೇ ಮುಟ್ಟಸೀರಿ. ಅದರ ಮ್ಯಾಲ ಇನ್ನ ನಾನು ಸಿಟ್ಟ ಹಿಡದ್ರ ಶಿವ ಮೆಚ್ಚತಾನೇನ್ರಿ?”

ನಮ್ಮವರಿಗೆ ತಾವು ತುಪ್ಪ ಕಳಿಸಿದ್ದು ನೆನಪಿರಲಿಲ್ಲ. ಆದರೆ ಹೊಗಳಿಕೆ ತಾನಾಗಿ ಬರುವಾಗ ನೆನಪನ್ನು ಹುಡುಕುತ್ತ ಕೂರುವ ಮನುಷ್ಯರೂ ಅವರಲ್ಲ. “ಇರಲಿ ಬಿಡೋ ಶರಣಪ್ಪಾ. ನೀನು ಕೂಸಿನ ತೋರಸಿದಿ. ಅದು ದೊಡ್ಡ ಮಾತು,” ಎಂದರು.

“ನಾನಾ? ನಾನು ಬಾವಿ ಕಡಿ…” ಎಂದು ಅವನು ಶುರು ಮಾಡುವುದರೊಳಗೆ ಬಾಗಿಲಲ್ಲಿ ನೀಲಮ್ಮನಿಗೂ ಕೆಮ್ಮು ಬಂತು. ನಮ್ಮ ಮನೆತನದ ಹೆಣ್ಣುಮಕ್ಕಳ ಎದೆ ಸ್ವಲ್ಪ ನಾಜೂಕು ಎಂದು ಅವತ್ತು ಇಬ್ಬರು ಅಳಿಯಂದಿರೂ ಒಪ್ಪಿಕೊಂಡರು.

ಒಳಗೆ ಹೋದ ಕೂಡಲೆ ನೀಲಮ್ಮ ನನ್ನ ಎಡಗೈ ಹಿಡಿದು ನೋಡಿ, “ಬಳಿ ಹಾಕಿ ಕಳಿಸಿದ್ರೂ ಆ ಕಡಿ ಹ್ಯಾಂಗ ಕೂತಿಯೇ ಯಕ್ಕಾ?” ಎಂದಳು. ನಾನು ಗಾಡಿ ಉಲ್ಟಾ ಹೋದದ್ದನ್ನು ವಿವರಿಸಿದೆ. ಅವಳಿಗೆ ತಿಳಿಯಲಿಲ್ಲ. ನನಗೂ ಎರಡನೆಯ ಸಲ ವಿವರಿಸುವಾಗ ತಿಳಿಯಲಿಲ್ಲ. ಅಷ್ಟರಲ್ಲಿ ಕೂಸು ಎದ್ದು ಅತ್ತಿತು. ಉಡಿಗೆ ಹಾಕಿಕೊಂಡೆ. ಬೀಬಿ ಹೇಳಿದ್ದೆಲ್ಲ ನಿಜ, ಕಪ್ಪು ಕೂದಲು, ಕರಿ ದಾರ, ಬಾಯಲ್ಲಿ ಮುಷ್ಟಿ. ಮೂಗು ಮಾತ್ರ ನಮ್ಮವ್ವನದು. ಅದನ್ನು ಬೀಬಿ ಹೇಳಿರಲಿಲ್ಲ, ಅವಳು ನಮ್ಮವ್ವನನ್ನು ಎಲ್ಲಿ ಕಂಡಿದ್ದಾಳೆ? ಹೊರಗೆ ಇಬ್ಬರು ಒಳ್ಳೆಯವರು ಪಕ್ಕದಲ್ಲಿ ಕೂತು ಊಟ ಮಾಡುತ್ತಿದ್ದರು. ಶರಣಪ್ಪನೇ ಗಿಂಡಿ ಹಿಡಿದು ನಮ್ಮವರ ತಟ್ಟೆಗೆ ತುಪ್ಪ ಸುರಿಯುತ್ತಿದ್ದ. ನಮ್ಮವರು “ಸಾಕೋ, ಸಾಕೋ” ಎನ್ನುತ್ತಲೇ ಅನ್ನದಲ್ಲಿ ಗುಣಿ ದೊಡ್ಡದು ಮಾಡುತ್ತಿದ್ದರು. ನಾನು ಸರಿಯಾದ ಕಿಟಕಿಯಲ್ಲಿ ಕೂತಿದ್ದರೆ ಕಣ್ಣು ಮಿಟುಕಿಸುವಷ್ಟು ಹೊತ್ತು ಕೂಸನ್ನು ಕಂಡು, ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಭಾಲ್ಕಿಗೆ ಹೋಗಿರುತ್ತಿದ್ದೆ. ಅಷ್ಟೇ ಆಗಿರುತ್ತಿತ್ತು.

ಕತೆ ಇಲ್ಲಿಗೆ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಕಾಶಮ್ಮ ಮನೆಮನೆಗೆ ಬಳೆ ತೊಡಿಸುತ್ತ ಇದನ್ನು ಹೇಳಿದಳು. ಹೇಳುತ್ತ ಹೋದಂತೆ ಅದರ ಆಕಾರ ಬದಲಾಯಿತು. ರೈಲಿನಲ್ಲಿ ಎಲ್ಲಿ ಕೂತರೆ ಏನು ಕಾಣುತ್ತದೆ ಎಂಬುದನ್ನು ಬಲ್ಲವಳು ಈ ಓಣಿಯಲ್ಲಿ ನಾನೊಬ್ಬಳೇ ಎಂದಾಯಿತು. ಊರಿಗೆ ಹೊರಟ ಹೆಂಗಸರು ನನ್ನ ಬಾಗಿಲಿಗೆ ಬರತೊಡಗಿದರು. ನನಗೇನೂ ತಿಳಿಯದೆಂದು ಮೊದಲೆರಡು ಸಲ ಹೇಳಿದೆ. ಅದನ್ನು ಅವರು ನನ್ನ ವಿನಯವೆಂದು ತಿಳಿದರು. ಆಮೇಲೆ ನಾನೂ ಅದು ವಿನಯವೇ ಇರಬಹುದೆಂದು ತಿಳಿದೆ.

ಹೋದ ತಿಂಗಳು ಎದುರುಮನೆಯ ಗೌರಮ್ಮ ಹೈದರಾಬಾದಿಗೆ ಹೊರಟಳು. ಅವಳ ಅಂಗಳದಲ್ಲಿ ಕರಿಬೇವಿನ ಗಿಡವಿದೆ. ಮದುವೆಯಾಗಿ ಬಂದ ದಿನದಿಂದ ನನ್ನ ಒಗ್ಗರಣೆಗೆ ಆ ಗಿಡದ್ದೇ ಎಲೆ. “ಊರು ಬಿಡೂವಾಗ ಚೌಬಾರದ ತುದಿ ಒಮ್ಮಿ ನೋಡಬೇಕಂತ ಆಸೆ ಅದರಿ. ಯಾವ ಕಡಿ ಕೂಡ್ಲಿ?” ಎಂದು ಕೇಳಿದಳು. ನಾನು ಅವಳನ್ನು ಎದುರಿಗೆ ಕೂಡಿಸಿಕೊಂಡು, ಬಹಳ ಗಂಭೀರವಾಗಿ ಯೋಚಿಸಿ, ಒಂದು ಕಡೆ ಬೆರಳು ತೋರಿಸಿದೆ. ಅವಳಿಗೆ ಕಂಡದ್ದು ಮಾಲುಗಾಡಿಯ ಶೆಡ್ಡು, ಅದರ ನಂತರ ಕಲ್ಲಿನ ಗೋಡೆ. ಚೌಬಾರವನ್ನು ಎದುರಿನ ಹಲಗೆಯ ಮುದುಕಿ ಕೈ ಮುಗಿದು ಕಣ್ಣತುಂಬ ನೋಡಿದಳಂತೆ. ತಿರುಗಿ ಬಂದ ಗೌರಮ್ಮ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ನಮ್ಮ ಸಾರು ಕರಿಬೇವಿಲ್ಲದೆ ಬೋಳಾಗಿದೆ.

ಬರುವ ಸೋಮವಾರ ಅವಳು ಮತ್ತೆ ಗಾಡಿ ಹತ್ತುತ್ತಾಳಂತೆ. ಮನೆಯ ಬಾಗಿಲಲ್ಲಿ ಮುಖ ತಿರುಗಿಸುವವಳು ಓಡುವ ಗಾಡಿಯಲ್ಲಿ ಎಷ್ಟೆಂದು ತಿರುಗಿಸಿಯಾಳು, ಊರ ಹೊರಗೆ ಹಳಿಯ ಪಕ್ಕದಲ್ಲಿ ನಿಂತು ಒಂದು ಸಲ ಕೈ ಮುಗಿದುಬಿಡೋಣ ಎಂದು ಮನಸ್ಸು ಮಾಡಿದ್ದೇನೆ. ಯಾವ ಪಕ್ಕದಲ್ಲಿ ನಿಲ್ಲಬೇಕೆಂಬುದನ್ನು ಮಾತ್ರ ಯಾರನ್ನಾದರೂ ಕೇಳಬೇಕು. ಓಣಿಯಲ್ಲಿ ಯಾರನ್ನು ಕೇಳಿದರೂ, ಅದನ್ನು ಬಲ್ಲವಳು ನೀವೇ ಅಲ್ಲವೇನ್ರಿ ಎನ್ನುತ್ತಾರೆ.